ಕಂಡಿದ್ದಷ್ಟೇ ಬರಿ ತಮ್ಮಾ

ಬೆಳಿಗ್ಗೆ ಏಳಕ್ಕೆಲ್ಲ ಕೊಟ್ಟೂರಿನ ಬಸ್‌ ನಿಲ್ದಾಣದ ಸುತ್ತ ಮಿರ್ಚಿಯ ಎಣ್ಣೆ ಕಾದಿರುತ್ತದೆ. ಒಗ್ಗರಣೆ ಮಂಡಕ್ಕಿ ಪೇಪರಿನ ಮೇಲೆ ಬೀಳುತ್ತಿರುತ್ತದೆ. ಹಳ್ಳಿ ಬಸ್ಸುಗಳು ಹಾಲಿನ ಕ್ಯಾನುಗಳನ್ನೂ ಕಾಲೇಜು ಹುಡುಗರನ್ನೂ ಇಳಿಸಿ ತಿರುಗಿಕೊಳ್ಳುತ್ತವೆ. ಅದೇ ಹೊತ್ತಿಗೆ ಸರ್ಕಾರಿ ಆಸ್ಪತ್ರೆಯ ಹಿಂಬದಿಯಲ್ಲಿ ಇಪ್ಪತ್ತು ಮೂವತ್ತು ಜನ ಬೇವಿನ ಮರದ ಕೆಳಗೆ ಕೂತಿರುತ್ತಾರೆ. ಗಂಡಸರು ಟವೆಲ್ಲನ್ನು ತಲೆಗೆ ಸುತ್ತಿ ಒಂದು ಕಡೆ, ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡು ಇನ್ನೊಂದು ಕಡೆ. ರಾತ್ರಿಯೇ ಬಂದ ಟಾಟಾ ಏಸ್‌ ಹಿಂದಿನ ಬಾಗಿಲು ಬಿಚ್ಚಿಕೊಂಡು ನಿಂತಿದೆ. ಚಾಲಕ ಅದರೊಳಗೇ ನಿದ್ದೆ ಹೋಗಿದ್ದಾನೆ. ಫೋನುಗಳು ಮಾತ್ರ ಸುಮ್ಮನಿರುವುದಿಲ್ಲ. "ಇನ್ನಾ ಪಿಎಂ ಆಗಿಲ್ಲ. ಗುಂಡಿ ತೋಡಾಕ ಹಚ್ರಿ. ಅಕ್ಕಾರು ಹರಪನಹಳ್ಳಿ ಬಿಟ್ಟಾರ, ಬರ್ತಾರ."

ಎಲ್ಲರ ಕಣ್ಣೂ ಇರುವುದು ಇಪ್ಪತ್ತು ಮಾರು ಆಚೆಯ ಒಂಟಿ ಕೋಣೆಯ ಮೇಲೆ. ಅದಕ್ಕೆ ಕಬ್ಬಿಣದ ಬಾಗಿಲು, ಸೂರಿನ ಹತ್ತಿರ ಸಣ್ಣ ಜಾಲಂಧ್ರ, ಪಕ್ಕದಲ್ಲಿ ನೀರಿನ ಸಿಂಟೆಕ್ಸ್. ಒಳಗೆ ನೀರು ಹರಿದು ಹೋಗಲೆಂದು ಒಂದು ಬದಿಗೆ ಇಳಿಜಾರು ಕೊಟ್ಟ ಕಲ್ಲಿನ ಹಾಸು. ಗೋಡೆಯ ಮೇಲೆ ‘ಶವಾಗಾರ’ ಅಂತ ಬರೆದಿರುತ್ತಾರೆ. ಕಾಯುವವರ ಬಾಯಲ್ಲಿ ಅದು ಪಿಎಂ ರೂಮು, ಪೋಸ್ಟ್‌ಮಾರ್ಟಂ ಮಾಡುವ ಕೋಣೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ – ಈ ಐದು ಊರುಗಳಲ್ಲಿ ಎಲ್ಲಿಗೆ ಹೋದರೂ ಚಿತ್ರ ಹೆಚ್ಚುಕಡಿಮೆ ಇದೇ. ಮರ ಬೇವಿನದಿರಬಹುದು, ಹುಣಸೆಯದಿರಬಹುದು.

ಹೆಣ ನಿನ್ನೆ ಸಂಜೆಯೇ ಬಂದಿದೆ. ಕತ್ತಲಾದ ಮೇಲೆ ಕೊಯ್ಯುವುದಿಲ್ಲ ಎಂಬುದು ಹಳೆಯ ಕಾಲದ ರೂಢಿ. ಲಾಟೀನಿನ ಹಳದಿ ಬೆಳಕಿನಲ್ಲಿ ಗಾಯದ ಬಣ್ಣ ಸರಿಯಾಗಿ ತಿಳಿಯುವುದಿಲ್ಲ ಎಂಬುದು ಅದಕ್ಕೆ ಕೊಡುತ್ತಿದ್ದ ಕಾರಣ. 2021ರ ನವೆಂಬರ್ 15ರಂದು ಕೇಂದ್ರ ಸರ್ಕಾರ ಆ ರೂಢಿಯನ್ನು ಸಡಿಲಿಸಿತು. ಸೌಕರ್ಯವಿರುವ ಆಸ್ಪತ್ರೆಗಳು ಸೂರ್ಯ ಮುಳುಗಿದ ಮೇಲೂ ಮಾಡಬಹುದು ಎಂದಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ, ಅನುಮಾನವಿರುವ ಸಾವು ಇಷ್ಟನ್ನೂ ಹೊರಗಿಟ್ಟಿತು. ಇವನ್ನೆಲ್ಲ ಕಳೆದರೆ ತಾಲ್ಲೂಕಿನ ಶವಾಗಾರಕ್ಕೆ ಉಳಿಯುವುದು ಹೆಚ್ಚೇನಿಲ್ಲ. ಉಳಿದದ್ದಕ್ಕೂ ಬೆಳಕು ಬೇಕು, ಕೈ ಬೇಕು. ಆದ್ದರಿಂದ ಒಬ್ಬ ಕಾನ್‌ಸ್ಟೇಬಲ್ ರಾತ್ರಿಯಿಡೀ ಬಾಗಿಲಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾನೆ, ಮನೆಯವರು ಮರದ ಕೆಳಗೆ.

ಇಂಗ್ಲಿಷ್ ಸಿನಿಮಾ ನೋಡುವವರಿಗೆ ಕರೋನರ್ ಎಂಬ ಅಧಿಕಾರಿ ಗೊತ್ತಿರುತ್ತಾನೆ. ಅಕಾಲದಲ್ಲಿ, ಅನುಮಾನದಲ್ಲಿ ಸತ್ತವರ ವಿಚಾರಣೆಯೇ ಅವನ ಕೆಲಸ. ಇಂಗ್ಲೆಂಡಿನಲ್ಲಿ 1194ರಲ್ಲಿ ಹುಟ್ಟಿದ ಹುದ್ದೆ ಅದು. ಕಂಪನಿಯವರ ಹಿಂದೆ ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಿಗೂ ಬಂತು. ಮದ್ರಾಸಿನ ಕರೋನರ್ ಹುದ್ದೆಯನ್ನು 1889ರಲ್ಲಿ ತೆಗೆದುಹಾಕಿದರು. ಮುಂಬಯಿಯದು 1999ರವರೆಗೂ ನಡೆಯಿತು. 1889ರಲ್ಲಿ ಕೊಟ್ಟೂರು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ಊರು. ಆದರೂ ಆ ಕರೋನರನ ನೆರಳು ಇಲ್ಲಿಗೆ ಬಿದ್ದಿರಲಿಲ್ಲ, ಅವನ ಅಧಿಕಾರ ಪಟ್ಟಣದ ಎಲ್ಲೆಗೇ ಮುಗಿಯುತ್ತಿತ್ತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆಮೇಲೆ ಕೊಟ್ಟೂರು ತಾನೇ ತಾಲ್ಲೂಕಾಯಿತು, 2021ರಲ್ಲಿ ವಿಜಯನಗರ ಜಿಲ್ಲೆಯೊಳಗೆ ಬಂತು. ಜಿಲ್ಲೆ, ರಾಜ್ಯ ಎಷ್ಟು ಬದಲಾದರೂ ಈ ಕೆಲಸಕ್ಕೆಂದೇ ಒಬ್ಬ ಮನುಷ್ಯ ಇಲ್ಲಿಗೆ ಬರಲಿಲ್ಲ.

ಆ ಒಂದು ಕುರ್ಚಿಯ ಕೆಲಸವನ್ನು ಇಲ್ಲಿ ಐದಾರು ಜನ ಹಂಚಿಕೊಂಡಿದ್ದಾರೆ. ಠಾಣೆಯ ಎಎಸ್‌ಐ, ಅವರ ಜೊತೆಗೆ ಬರೆಯಲು ಕೂರುವ ರೈಟರ್, ಊರಿನ ಪಂಚರು, ಸರ್ಕಾರಿ ಡಾಕ್ಟರು, ಚಾಕು ಹಿಡಿಯುವ ಗ್ರೂಪ್ ಡಿ ನೌಕರ, ಕೆಲವು ಸಾವುಗಳಿಗೆ ತಹಶೀಲ್ದಾರರು. ಯಾರಿಗೂ ಇದು ಪೂರ್ತಿ ಕೆಲಸವಲ್ಲ. ಡಾಕ್ಟರು ಹೊರರೋಗಿಗಳ ಸಾಲನ್ನು ಬಿಟ್ಟು ಬರುತ್ತಾರೆ. ಎಎಸ್‌ಐಗೆ ಜಾತ್ರೆಯ ಬಂದೋಬಸ್ತ್ ಇರುತ್ತದೆ. ಪಂಚರಲ್ಲೊಬ್ಬನ ಮೆಕ್ಕೆಜೋಳ ಎಪಿಎಂಸಿಯಲ್ಲಿ ಹರವಿರುತ್ತದೆ, ಮೋಡ ಬೇರೆ ಆಗಿರುತ್ತದೆ. ಹೀಗೆ ಬೇರೆ ಬೇರೆ ಕೆಲಸಗಳ ನಡುವಿನ ಬಿಡುವಿನಲ್ಲಿ ಒಂದು ಸಾವಿನ ಕಾರಣ ತೀರ್ಮಾನವಾಗುತ್ತದೆ. ಹಾಗಿದ್ದೂ ಅದು ಬಹುಪಾಲು ಸರಿಯಾಗಿಯೇ ಆಗುತ್ತದೆ ಎಂಬುದು ನನಗೆ ಇವತ್ತಿಗೂ ಸೋಜಿಗ. ಅದಕ್ಕೆ ಕಾರಣ ಏನಿರಬಹುದು ಎಂದು ಹುಡುಕಿದರೆ ನನಗೆ ಸಿಗುವುದು ಆ ರೈಟರ್ ಕೈಯಲ್ಲಿರುವ ಹಾಳೆ.

ಪಂಚನಾಮೆ ನಮ್ಮ ಭಾಷೆಯ ಬಹಳ ಕಟ್ಟುನಿಟ್ಟಿನ ಗದ್ಯ. ಅದನ್ನು ಸಾಹಿತ್ಯವೆಂದು ಯಾರೂ ಓದುವುದಿಲ್ಲ, ಓದಬೇಕಿತ್ತು. ಮೊದಲು ಜಾಗ: ಯಾರ ಹೊಲ, ಸರ್ವೆ ನಂಬರ್ ಎಷ್ಟು, ಚಕ್ಕುಬಂದಿ ಏನು, ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಹಳ್ಳವೋ ಬಂಡಿ ದಾರಿಯೋ. ಆಮೇಲೆ ದೇಹ: ತಲೆ ಯಾವ ದಿಕ್ಕಿಗೆ, ಕಾಲು ಯಾವ ದಿಕ್ಕಿಗೆ, ಅಂಗಾತವೋ ಬೋರಲೋ. ಬಟ್ಟೆಯ ಬಣ್ಣ, ಹರಿದಿದ್ದರೆ ಎಲ್ಲಿ. ತಲೆಗೂದಲಿನಿಂದ ಹಿಡಿದು ಕಣ್ಣು, ಮೂಗು, ಬಾಯಿ, ಕುತ್ತಿಗೆ, ಎದೆ, ಉಡದಾರ, ಪಾದದವರೆಗೆ ಒಂದೊಂದಾಗಿ. ಹೆಣವನ್ನು ಹೊರಳಿಸಿ ಬೆನ್ನು. ಎಲ್ಲ ಮುಗಿದ ಮೇಲಷ್ಟೇ, ಕಟ್ಟಕಡೆಗೆ, ಪಂಚರ ಅಭಿಪ್ರಾಯದಲ್ಲಿ ಸಾವು ಹೇಗೆ ಬಂದಿರಬಹುದು ಎಂಬ ಮಾತು. ನೋಡುವುದು ಮೊದಲು, ಅನ್ನಿಸುವುದು ಆಮೇಲೆ. ಅನ್ನಿಸಿದ್ದರ ಮೇಲೆ ಸಹಿ ಹಾಕುವವರು ಊರಿನವರು.

ವರ್ಷಗಟ್ಟಲೆ ಠಾಣೆಯಲ್ಲಿ ಬರೆದು ಬೆರಳಲ್ಲಿ ಗಂಟು ಬಿದ್ದ ಹೆಡ್‌ ಕಾನ್‌ಸ್ಟೇಬಲ್ಲುಗಳು ಹೊಸ ಹುಡುಗರಿಗೆ ಹೇಳಿಕೊಡುವ ಪಾಠ ಒಂದೇ. "ಕಂಡಿದ್ದಷ್ಟೇ ಬರಿ ತಮ್ಮಾ. ಅಂದ್ಕಂಡಿದ್ದನ್ನ ಮನ್ಯಾಗ ಬರಕೋ." ಹುಡುಗ ‘ಕುತ್ತಿಗೆಗೆ ಹಗ್ಗ ಬಿಗಿದ ಗುರುತು’ ಎಂದು ಬರೆದಿರುತ್ತಾನೆ. ಹಗ್ಗ ಅವನಿಗೆ ಕಂಡಿಲ್ಲ, ಬಿಗಿದದ್ದೂ ಕಂಡಿಲ್ಲ. ಕಂಡದ್ದು ಕಂದು ಬಣ್ಣದ ಒಂದು ಗೆರೆ. ಅದರ ಅಗಲ ಎಷ್ಟು, ಗದ್ದದ ಕೆಳಗೆ ಹೇಗಿದೆ, ಎಡಗಿವಿಯ ಕಡೆ ಮೇಲಕ್ಕೆ ಏರಿದೆಯೋ, ಹಿಂದೆ ಕೂದಲಿನ ಹತ್ತಿರ ಮಾಯವಾಗಿದೆಯೋ, ಇಷ್ಟನ್ನು ಬರೆದರೆ ಸಾಕು. ಗೆರೆ ಓರೆಯಾಗಿ ಮೇಲೇರಿದ್ದರೆ ಅದಕ್ಕೊಂದು ಅರ್ಥ, ಕುತ್ತಿಗೆ ಸುತ್ತ ಅಡ್ಡಕ್ಕೆ ಪೂರ್ತಿ ಸುತ್ತಿದ್ದರೆ ಇನ್ನೊಂದು ಅರ್ಥ. ಆ ಎರಡು ಅರ್ಥಗಳ ನಡುವೆ ಒಬ್ಬನ ಜೀವಾವಧಿ ಶಿಕ್ಷೆ ನಿಂತಿರಬಹುದು. ಅರ್ಥವನ್ನು ಹೇಳುವವರು ಡಾಕ್ಟರು, ತೂಗುವವರು ಜಡ್ಜು. ಗೆರೆಯನ್ನು ಇದ್ದ ಹಾಗೆ ಉಳಿಸಿಕೊಡುವುದು ಮಾತ್ರ ಈ ಹುಡುಗನ ಪಾಲು. ಹೆಣ ಮಣ್ಣಿಗೆ ಹೋದ ಮೇಲೆ ಆ ಗೆರೆ ಇರುವುದು ಅವನ ವಾಕ್ಯದಲ್ಲಿ, ಡಾಕ್ಟರ ವರದಿಯಲ್ಲಿ, ಒಂದೆರಡು ಫೋಟೊಗಳಲ್ಲಿ ಅಷ್ಟೆ.

ರೈಟರುಗಳು ‘ರಕ್ತ’ ಎನ್ನುವುದಿಲ್ಲ, ‘ರಕ್ತದಂತೆ ಕಾಣುವ ಕಲೆ’ ಎನ್ನುತ್ತಾರೆ. ಬಂಗಾರ ಎನ್ನುವುದೇ ಇಲ್ಲ, ‘ಹಳದಿ ಲೋಹದ ಕಿವಿಯೋಲೆ’ ಎನ್ನುತ್ತಾರೆ. ಮೊದಲ ಸಲ ಓದಿದವರಿಗೆ ನಗು ಬರುತ್ತದೆ. ಮಗಳ ಓಲೆ ಬಂಗಾರದ್ದೇ ಎಂದು ಗೊತ್ತಿರುವ ತಾಯಿಗೆ ಸಿಟ್ಟೂ ಬರುತ್ತದೆ. ಆದರೆ ಒರೆಗೆ ಹಚ್ಚದೆ ಬಂಗಾರ ಎಂದವನು ನಾಳೆ ಅದು ಉಮಾಗೋಲ್ಡ್ ಆದರೆ ಬಂಗಾರವನ್ನು ತಂದುಕೊಡಬೇಕಾಗುತ್ತದೆ. ಈ ಎಚ್ಚರವನ್ನು ನಮ್ಮ ಪತ್ರಿಕೆಗಳವರು ಎರವಲು ಪಡೆದರೆ ಚೆನ್ನಾಗಿತ್ತು ಎಂದು ಅನೇಕ ಬೆಳಗುಗಳಲ್ಲಿ ಅನ್ನಿಸಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಪಂಚರಾಗಲು ಯಾರಿಗೂ ಮನಸ್ಸಿಲ್ಲ. ಎರಡು ವರ್ಷವಾದ ಮೇಲೆ ಸಮನ್ಸ್ ಬರುತ್ತದೆ, ಬಿತ್ತನೆಯ ದಿನವೇ ಕೂಡ್ಲಿಗಿ ಕೋರ್ಟಿಗೆ ಹೋಗಿ ಕೂರಬೇಕಾಗುತ್ತದೆ. ಆದರೂ ಯಾರೋ ಒಪ್ಪುತ್ತಾರೆ. ಪಂಚಾಯಿತಿ ಸದಸ್ಯ, ಚಹದಂಗಡಿಯವನು, ಬದುವಿನ ಆಚೆಯ ಹೊಲದವನು. ಸುತ್ತಲಿನ ಇಬ್ಬರು ಅಥವಾ ಹೆಚ್ಚು ಮಂದಿ ಮರ್ಯಾದಸ್ಥರ ಎದುರಿಗೆ ನೋಡಬೇಕು ಎನ್ನುತ್ತದೆ ಕಾನೂನು. ಹಿಂದೆ ಅದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ವರದಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕೆಂದು ಹೊಸ ಕಲಮಿನಲ್ಲಿ ಸೇರಿಸಿದ್ದಾರೆ. ಠಾಣೆಯ ಮಾತಿನಲ್ಲಿ ಅವತ್ತಿಗೂ ಇವತ್ತಿಗೂ ಅದು ‘ಯುಡಿಆರ್’, ಅಸಹಜ ಸಾವಿನ ವರದಿ. ಒಮ್ಮೆ ಪಂಚನಾದವನು ಹೇಳುವ ಮಾತೊಂದಿದೆ: ಮೂವತ್ತು ವರ್ಷ ಅವನ ಜೊತೆ ಬೀಡಿ ಹಂಚಿಕೊಂಡು ಸೇದಿದ್ದೆ, ಎಡಗೈಯಲ್ಲಿ ಅವನವ್ವನ ಹೆಸರಿನ ಹಚ್ಚೆ ಇದ್ದದ್ದು ಅವತ್ತೇ ನೋಡಿದ್ದು.

ಇದೆಲ್ಲ ಹೊಸ ವಿದ್ಯೆಯೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಹಠಾತ್ತನೆ ಸತ್ತವರ ಪರೀಕ್ಷೆಗೆ ಒಂದು ಅಧ್ಯಾಯವೇ ಇದೆ. ಹೆಣಕ್ಕೆ ಎಣ್ಣೆ ಸವರಿ ನೋಡಬೇಕು ಎಂದು ಅವನು ಶುರು ಮಾಡುತ್ತಾನೆ. ಉಸಿರು ಕಟ್ಟಿಸಿದವರ, ನೇಣಿಗೆ ಬಿದ್ದವರ, ನೀರಲ್ಲಿ ಮುಳುಗಿದವರ, ವಿಷ ಉಂಡವರ ಲಕ್ಷಣಗಳನ್ನು ಬೇರೆ ಬೇರೆ ಹೇಳುತ್ತಾನೆ. ಚೀನಾದ ಸಾಂಗ್ ತ್ಸು 1247ರಲ್ಲಿ ಬರೆದ ಕೈಪಿಡಿಯಲ್ಲಿ ಒಂದು ಹಳ್ಳಿಯ ಕೊಲೆ ಬರುತ್ತದೆ. ಗಾಯ ಕುಡುಗೋಲಿನದು. ಅಧಿಕಾರಿ ಊರಿನ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಿಗೆ ಸಾಲಾಗಿ ಇಡಿಸಿದ. ತೊಳೆದು ಥಳಥಳ ಮಾಡಿದ್ದರೂ ಒಂದೇ ಕುಡುಗೋಲಿನ ಮೇಲೆ ನೊಣ ಕೂತವು. ಶೇಂಗಾ ಕೀಳುವ, ಸಜ್ಜೆ ಕೊಯ್ಯುವ ಈ ಸೀಮೆಯ ಯಾವ ಮನೆಯ ಸೂರಿನಲ್ಲೂ ಕುಡುಗೋಲು ಸಿಕ್ಕಿಸಿರುತ್ತದೆ. ಎಎಸ್‌ಐಗಳಿಗೆ ಈ ಕತೆ ಹೇಳಿದರೆ ಖುಷಿಪಟ್ಟು ಕೇಳುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಡಾಕ್ಟರು ಬರುತ್ತಾರೆ, ಬಾಗಿಲು ತೆರೆಯುತ್ತದೆ. ಮರದ ಕೆಳಗಿನ ಅಳು ಒಮ್ಮೆಗೇ ಏಳುತ್ತದೆ. ಒಳಗೆ ಹೋಗುವವರು ಡಾಕ್ಟರು ಮತ್ತು ಆ ನೌಕರ. ಪಿಎಂ ವರದಿಯಲ್ಲಿ ಡಾಕ್ಟರ ಸಹಿಗೆ ಜಾಗವಿದೆ, ಪೊಲೀಸರ ವಿನಂತಿ ಪತ್ರದ ಸಂಖ್ಯೆಗೆ ಜಾಗವಿದೆ, ಹೆಣ ಹೊತ್ತು ತಂದ ಕಾನ್‌ಸ್ಟೇಬಲ್ಲಿನ ನಂಬರಿಗೂ ಜಾಗವಿದೆ. ತಲೆಬುರುಡೆ ಬಿಡಿಸಿ, ಮತ್ತೆ ಮುಚ್ಚಿ, ಹೊಲಿದು, ತೊಳೆದು, ಬಿಳಿ ಬಟ್ಟೆ ಸುತ್ತಿ ಕೊಡುವ ಕೈಯ ಹೆಸರಿಗೆ ಯಾವ ಕಾಲಮ್ಮೂ ಇಲ್ಲ. ಆ ಕೈ ಯಾವ ಕೇರಿಯಿಂದ ಬರುತ್ತದೆ ಎಂದು ಹೇಳುವ ಅಗತ್ಯವೂ ಇಲ್ಲ, ಓದುವವರಿಗೆ ಗೊತ್ತು. ಹಳೆಯ ತಲೆಮಾರಿನವರು ಕುಡಿಯದೆ ಒಳಗೆ ಕಾಲಿಡುತ್ತಿರಲಿಲ್ಲ. ಬಂಧುಗಳೇ ದುಡ್ಡು ಕೊಟ್ಟು ಕುಡಿಸಿ ಕಳಿಸುತ್ತಿದ್ದರು, ಆಮೇಲೆ ಅವನು ಕುಡುಕ ಎಂದು ಅವರೇ ಅನ್ನುತ್ತಿದ್ದರು.

ಹೊಲಿಗೆಯ ಬಗ್ಗೆ ಅವರಿಗೊಂದು ಹಟವಿದೆ. ಗದ್ದದ ಕೆಳಗಿನಿಂದ ಶುರುವಾಗುವ ಹೊಲಿಗೆ ಬಟ್ಟೆಯ ಮೇಲೆ ಕಾಣಬಾರದು. ತಲೆಯ ಹೊಲಿಗೆ ಕೂದಲೊಳಗೆ ಮುಚ್ಚಬೇಕು. ಇದನ್ನು ಯಾವ ಪಠ್ಯವೂ ಅವರಿಗೆ ಹೇಳಿಕೊಟ್ಟದ್ದಲ್ಲ. ಮಕ್ಕಳು ಕೊನೆಗೆ ನೋಡುವ ಮುಖ ಇದು ಎಂಬ ತಿಳಿವಳಿಕೆಯಿಂದ ಬಂದದ್ದು.

ಇಲ್ಲಿ ಇನ್ನೊಂದು ಕಷ್ಟ ಕೂಡಿಕೊಳ್ಳುತ್ತದೆ, ಬೇರೆ ಸೀಮೆಯವರಿಗೆ ಹೊಳೆಯದ ಕಷ್ಟ. ಇದು ಕೊಟ್ಟೂರೇಶ್ವರ ಎಂದು ಕರೆಯುವ ಗುರು ಬಸವೇಶ್ವರನ ಊರು. ಸುತ್ತಲಿನ ಹಳ್ಳಿಗಳಲ್ಲಿ ಲಿಂಗಾಯತರ ಮನೆಗಳು ಬಹಳ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ವಿಭೂತಿ ಹಚ್ಚಿ, ಪದ್ಮಾಸನ ಹಾಕಿಸಿ, ಹೂವಿನ ವಿಮಾನದಲ್ಲಿ ಕೂರಿಸಿ ಭಜನೆಯೊಂದಿಗೆ ಒಯ್ದು, ಗುಂಡಿಯೊಳಗಿನ ಗೂಡಿನಲ್ಲಿ ಕೂತ ಹಾಗೆಯೇ ಸಮಾಧಿ ಮಾಡುತ್ತಾರೆ. ಮನೆಯಲ್ಲಿ ಹಿರಿಯರು ತೀರಿಕೊಂಡರೆ ಮುದುಕಿಯರು ಮೊದಲು ಆಡುವ ಮಾತೇ "ಬಿಗಿಯೋದ್ರೊಳಗ ಕುಂದ್ರಸ್ರಿ" ಎಂದು. ವೈದ್ಯ ಪುಸ್ತಕ ಹೇಳುವುದೂ ಅದನ್ನೇ. ಬಿಗಿತ ಮೊದಲು ಕಣ್ಣಿನ ರೆಪ್ಪೆ, ದವಡೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ನಮ್ಮ ಹವೆಯಲ್ಲಿ 2-3 ಗಂಟೆಗೆ ಶುರುವಾಗಿ, ಕುತ್ತಿಗೆ, ತೋಳು, ಕಾಲುಗಳಿಗೆ ಇಳಿದು, ಸುಮಾರು 12 ಗಂಟೆಯೊಳಗೆ ಮೈಯನ್ನೆಲ್ಲ ಹಿಡಿಯುತ್ತದೆ. ಆಮೇಲೆ ಬಂದ ಕ್ರಮದಲ್ಲೇ ಸಡಿಲವಾಗುತ್ತದೆ. ಬೇಸಿಗೆಯ ಬಳ್ಳಾರಿ ಸೀಮೆಯ ಬಿಸಿಲಿಗೆ ಎಲ್ಲವೂ ಇನ್ನೂ ಬೇಗ.

ಸಂಜೆ ಸತ್ತವನು ರಾತ್ರಿಯಿಡೀ ಕಲ್ಲಿನ ಹಾಸಿನ ಮೇಲೆ ಚಾಚಿಕೊಂಡು ಮಲಗಿರುತ್ತಾನೆ. ಬೆಳಿಗ್ಗೆ ಹತ್ತಕ್ಕೆ ಬಿಗಿತ ತುದಿಗೇರಿರುತ್ತದೆ. ಡಾಕ್ಟರಿಗೆ ಅದು ಸಾವಿನ ಹೊತ್ತನ್ನು ಹೇಳುವ ಗುರುತು. ಹೊರಗೆ ನಿಂತ ಅಣ್ಣನಿಗೆ ಅದು ತಮ್ಮನನ್ನು ಕೂರಿಸುವುದು ಹೇಗೆ ಎಂಬ ಚಿಂತೆ. "ಸಾಹೇಬ್ರ, ಕುಂದ್ರಂಗ ಮಾಡಿಕೊಡ್ರಿ" ಎಂದು ಅವನು ಕೈ ಮುಗಿಯುತ್ತಾನೆ. ಈ ಮಾತನ್ನು ಎಂಬಿಬಿಎಸ್ ಓದುವಾಗ ಯಾರೂ ಹೇಳಿಕೊಟ್ಟಿರುವುದಿಲ್ಲ. ಹೊರಗಿನಿಂದ ಹೊಸದಾಗಿ ಬಂದ ಡಾಕ್ಟರು ತಬ್ಬಿಬ್ಬಾಗುತ್ತಾರೆ. ನೌಕರ ಆಗುವುದಿಲ್ಲ. ಬರೆಯುವುದು, ಅಳೆಯುವುದು ಎಲ್ಲ ಮುಗಿದ ಮೇಲೆ ಅವನು ಮಂಡಿ, ಸೊಂಟ, ತೊಡೆಯ ಕೀಲುಗಳನ್ನು ನಿಧಾನಕ್ಕೆ ಒತ್ತಿ ಒತ್ತಿ ಬಿಡಿಸುತ್ತಾನೆ. ಒಮ್ಮೆ ಬಲವಂತವಾಗಿ ಬಿಡಿಸಿದ ಕೀಲು ಮತ್ತೆ ಬಿಗಿಯುವುದಿಲ್ಲ ಎಂಬುದು ಅವನು ಅನುಭವದಿಂದ ಕಲಿತದ್ದು. ಶಾಸ್ತ್ರವೂ ಅದನ್ನು ಒಪ್ಪುತ್ತದೆ. ಕೊರಳಿನ ಇಷ್ಟಲಿಂಗವನ್ನು ಪಂಚನಾಮೆಯಲ್ಲಿ ಕಾಣಿಸಿ ತೆಗೆದಿಟ್ಟಿರುತ್ತಾರೆ. ಅದು ಸಹಿ ಮಾಡಿಸಿಕೊಂಡು ಮನೆಯವರ ಕೈಗೆ ಬರುತ್ತದೆ, ಗುಂಡಿಯಲ್ಲಿ ಅವನ ಅಂಗೈ ಸೇರುತ್ತದೆ. ಮುಸ್ಲಿಮರ ಮನೆಯವರ ಅವಸರ ಬೇರೆ; ಗುಸುಲ್ ಮಾಡಿಸಿ ಆದಷ್ಟು ಬೇಗ ದಫನ್ ಆಗಬೇಕು. ಹೊಲಿಗೆ ಗಟ್ಟಿಯಿರಲಿ, ನೀರು ಹಾಕಿದಾಗ ಸೋರಬಾರದು ಎಂದು ಅವರು ಕೇಳುತ್ತಾರೆ. ಕೊಟ್ಟೂರಿನ ನೌಕರನಿಗೆ ಇಬ್ಬರ ಮಾತೂ ಗೊತ್ತು.

ಈ ಕೋಣೆಯ ರಿಜಿಸ್ಟರನ್ನು ತಿರುವಿದರೆ ವರ್ಷದ ಹವಾಮಾನ ಕಾಣುತ್ತದೆ. ಮಾಘದಲ್ಲಿ ಕೊಟ್ಟೂರೇಶ್ವರನ ತೇರು. ದಾವಣಗೆರೆ, ಹರಿಹರ, ರಾಣೆಬೆನ್ನೂರು ಕಡೆಯಿಂದ ಜನ ಸಾಲುಗಟ್ಟಿ ನಡೆದು ಬರುತ್ತಾರೆ, ಬಿಸಿಲು ತಪ್ಪಿಸಲು ರಾತ್ರಿ ಹೊತ್ತು ಹೆಚ್ಚು. ಕತ್ತಲ ರಸ್ತೆ, ಕಪ್ಪು ಕಂಬಳಿ, ವೇಗದ ಲಾರಿ. ಏಪ್ರಿಲ್, ಮೇ ಬಂದರೆ ಸಿಡಿಲು. ಮರದ ಕೆಳಗೆ ನಿಂತ ಕುರಿಗಾಹಿಗಳು. ಮೈಮೇಲೆ ಜರಿಗಿಡದ ಎಲೆಯಂಥ ಕೆಂಪು ಕವಲು ಮೂಡಿರುತ್ತದೆ, ಹೊತ್ತಾದರೆ ಅಳಿಸಿಹೋಗುತ್ತದೆ. ಬೇಗ ನೋಡಿದವರಿಗಷ್ಟೇ ಅದು ಕಂಡೀತು. ಬೇಸಿಗೆ ರಜೆಯಲ್ಲಿ ಮಕ್ಕಳು. ಮೊದಲೆಲ್ಲ ಕೆರೆ, ಬಾವಿ, ಹಡಗಲಿ–ಬೊಮ್ಮನಹಳ್ಳಿಗಳ ಕಡೆ ತುಂಗಭದ್ರೆಯ ಹಿನ್ನೀರು. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಹೊಲಹೊಲಕ್ಕೆ ಕೃಷಿಹೊಂಡ ಆದವು. ನೀರು ಇಂಗದಿರಲೆಂದು ತಳಕ್ಕೂ ಬದಿಗೂ ಪ್ಲಾಸ್ಟಿಕ್ ಹಾಳೆ ಹಾಸಿದ್ದಾರೆ. ಇಳಿದ ಮಗು ಹತ್ತಲಾರದು, ಕೈಗೆ ಹಿಡಿತವೇ ಸಿಗುವುದಿಲ್ಲ. ಕೆರೆಯಲ್ಲಿ ಮುಳುಗಿದವರ ಮುಷ್ಟಿಯಲ್ಲಿ ಹುಲ್ಲೋ ಕೆಸರೋ ಇರುತ್ತದೆ, ಕೃಷಿಹೊಂಡದಿಂದ ಬಂದ ಮುಷ್ಟಿ ಖಾಲಿ. ಒಂದು ತಂತಿ ಬೇಲಿ, ಬದಿಗೆ ಇಳಿಬಿಟ್ಟ ಒಂದು ಹಗ್ಗ ಇದ್ದಿದ್ದರೆ ಎಂದು ಒಳಗಿನವರು ಪ್ರತಿ ಸಲ ಅನ್ನುತ್ತಾರೆ. ಅವರ ವರದಿಯಲ್ಲಿ ಹಾಗೆ ಅನ್ನಲು ಜಾಗವಿಲ್ಲ. ಇಂಗ್ಲೆಂಡಿನ ಕರೋನರನಿಗೆ ಆ ಅಧಿಕಾರ ಉಂಟು: ಇಂಥದ್ದರಿಂದ ಮುಂದೆಯೂ ಸಾವಾದೀತು, ಸರಿಪಡಿಸಿ ಎಂದು ಸಂಬಂಧಪಟ್ಟವರಿಗೆ ಬರೆಯಬಹುದು. ನಾವು ಆ ಹುದ್ದೆಯನ್ನು ಬಿಟ್ಟಾಗ ಅದರ ಜೊತೆಗೆ ಇದನ್ನೂ ಬಿಟ್ಟೆವು ಎಂಬುದೊಂದೇ ನನ್ನ ತಕರಾರು.

ಮುಂಗಾರು ಬಿದ್ದರೆ ಹಾವು. ಮೆಕ್ಕೆಜೋಳ ಆಳೆತ್ತರ ಬೆಳೆದ ಮೇಲೆ ಕಳೆ ತೆಗೆಯುವ, ನೀರು ಕಟ್ಟುವ ಕಾಲು ಎಲ್ಲಿ ಬೀಳುತ್ತದೆ ಕಾಣುವುದಿಲ್ಲ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂದು ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮಂಡಲದ ಹಾವು ಕಚ್ಚಿದರೆ ಊತ, ರಕ್ತ, ಗುರುತು ಎಲ್ಲ ಕಣ್ಣಿಗೆ ಕಾಣುತ್ತದೆ. ಕಟ್ಟುಹಾವಿನದು ಬೇರೆ ಕತೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿ ಹೋಗುತ್ತದೆ, ನೋವೂ ಕಡಿಮೆ, ಗುರುತೂ ಕಂಡರೆ ಕಂಡಿತು ಇಲ್ಲದಿದ್ದರೆ ಇಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಜೋಲು, ಉಸಿರು ಕಟ್ಟು.

ಇಲ್ಲಿಂದ ಕಾರಣಕ್ಕೆ ಬೆಲೆ ಕಟ್ಟುವುದು ಶುರು. ರೈತ ಹಾವು ಕಚ್ಚಿ ಸತ್ತರೆ ಕೃಷಿ ಇಲಾಖೆಯಿಂದ ಮನೆಯವರಿಗೆ 2 ಲಕ್ಷ ರೂಪಾಯಿ. ಸಾಲಬಾಧೆಯಿಂದ ಆತ್ಮಹತ್ಯೆ ಎಂದು ಉಪವಿಭಾಗಾಧಿಕಾರಿಗಳ ಸಮಿತಿ ಒಪ್ಪಿದರೆ 2015ರಿಂದ 5 ಲಕ್ಷ. ಸಿಡಿಲಿಗೆ ವಿಪತ್ತು ನಿಧಿಯಿಂದ 4 ಲಕ್ಷ. ಎದೆನೋವಿನಿಂದ ಸತ್ತ ರೈತನಿಗೆ ಇದ್ಯಾವುದೂ ಇಲ್ಲ. ಸಾವು ಒಂದೇ, ಹೆಂಡತಿ ಮಕ್ಕಳ ಹಸಿವೂ ಒಂದೇ. ಕಾಲಮ್ಮಿನಲ್ಲಿ ಬರೆಯುವ ಎರಡು ಪದಗಳ ಮೇಲೆ ಎಲ್ಲ ನಿಂತಿದೆ. ಮರದ ಕೆಳಗೆ ಕೂತವರಿಗೆ ಇದು ಡಾಕ್ಟರಷ್ಟೇ ಚೆನ್ನಾಗಿ ಗೊತ್ತು. ಊರಿನ ಮುಖಂಡರೊಬ್ಬರು ಡಾಕ್ಟರನ್ನು ಪಕ್ಕಕ್ಕೆ ಕರೆದು "ನೋಡ್ರಿ ಸರ, ಬಡವರು, ಹಾವು ಅಂತ ಬರೆದ್ರ ನಿಮ್ದೇನು ಹೋಕ್ಕತಿ" ಎನ್ನುತ್ತಾರೆ. ಆ ಮಾತಿನಲ್ಲಿ ವಂಚನೆ ಎಷ್ಟು, ಕರುಣೆ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಡಾಕ್ಟರು ಕಲಿತ ಉತ್ತರ ಒಂದಿದೆ: "ಅಂತಿಮ ಅಭಿಪ್ರಾಯವನ್ನು ಕಾಯ್ದಿರಿಸಿದೆ." ಅದು ತಪ್ಪಿಸಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಅದನ್ನು ಬರೆಯಲು ಧೈರ್ಯ ಬೇಕು.

ಕಾಯ್ದಿರಿಸಿದ ಮೇಲೆ ಹೊಟ್ಟೆ, ಸಣ್ಣಕರುಳಿನ ತುಂಡು, ಪಿತ್ತಜನಕಾಂಗ, ಮೂತ್ರಪಿಂಡಗಳ ಭಾಗ ಬಾಟಲಿ ಸೇರುತ್ತವೆ. ಅವು ಕೆಡದಂತೆ ಹಿಡಿದಿಡುವುದು ದುಬಾರಿ ರಾಸಾಯನಿಕವೇನಲ್ಲ, ಕರಗುವಷ್ಟೂ ಕರಗಿಸಿದ ಅಡಿಗೆ ಉಪ್ಪಿನ ನೀರು. ಬಾಯಿಗೆ ಬಟ್ಟೆ ಕಟ್ಟಿ ಅರಗಿನ ಮುದ್ರೆ ಒತ್ತುತ್ತಾರೆ, ಮುದ್ರೆಯ ಮಾದರಿಯನ್ನು ಬೇರೆ ಹಾಳೆಯಲ್ಲಿ ಕೊಡುತ್ತಾರೆ. ಒಬ್ಬ ಕಾನ್‌ಸ್ಟೇಬಲ್ ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಒಯ್ಯುತ್ತಾನೆ. ಬಹಳ ಸಲ ಬಸ್ಸಿನಲ್ಲೇ. ಪಕ್ಕದ ಸೀಟಿನವರು "ಏನ್ರೀ ಅದು, ತುಪ್ಪ ಏನು?" ಎಂದು ಕೇಳಿದರೆ "ಹೂಂ" ಎಂದುಬಿಡುವುದು ಇಲಾಖೆಯಲ್ಲಿ ಹಿಂದಿನಿಂದ ಬಂದ ಬುದ್ಧಿವಂತಿಕೆ.

ಪತ್ರಿಕೆಗಳ ಮಾತಿಗೆ ಬರುತ್ತೇನೆ ಎಂದಿದ್ದೆ. ‘ಹೊಟ್ಟೆನೋವು ತಾಳಲಾರದೆ ಮಹಿಳೆ ಆತ್ಮಹತ್ಯೆ’ ಎಂಬ ಸುದ್ದಿಯನ್ನು ಕನ್ನಡ ಓದಲು ಬರುವ ಎಲ್ಲರೂ ಓದಿದ್ದೇವೆ, ನೂರು ಸಲ. ಅದು ದೂರು ಕೊಟ್ಟವರು ಹೇಳಿದ್ದು, ಠಾಣೆ ಬರೆದುಕೊಂಡದ್ದು, ವರದಿಗಾರ ಎತ್ತಿಕೊಂಡದ್ದು. ಇದರಲ್ಲಿ ಕಂಡದ್ದು ಯಾರಿಗೆ? ಹೊಟ್ಟೆಯನ್ನು ನಿಜವಾಗಿ ಬಿಡಿಸಿ ನೋಡುವ ಒಬ್ಬರೇ ಒಬ್ಬರು ಒಳಗಿದ್ದಾರೆ, ಅವರಿಗೆ ಅಲ್ಲಿ ಹುಣ್ಣಾಗಲಿ ಗಡ್ಡೆಯಾಗಲಿ ಕಾಣದೇ ಇರಬಹುದು. ‘ಆರೋಗ್ಯವಂತ’ ಎಂದು ಅವರು ಬರೆಯುತ್ತಾರೆ. ಆ ಪದ ಪತ್ರಿಕೆಯವರೆಗೆ ಬರುವುದಿಲ್ಲ. ಹೊಟ್ಟೆನೋವಿನ ಆ ಸಾಲು ಎಷ್ಟು ಮನೆಗಳ ಜಗಳ, ಹೊಡೆತ, ಸಾಲ, ಹೇಳಿಕೊಳ್ಳಲಾಗದ ಬೇಸರಗಳ ಮೇಲೆ ಮುಚ್ಚಿದ ಕಂಬಳಿಯಾಗಿದೆಯೋ. ಮನಸ್ಸಿನ ನೋವಿಗೆ ದುಡ್ಡಿಲ್ಲದೆ ಕರೆ ಮಾಡಬಹುದಾದ ಟೆಲಿ ಮಾನಸ್ ನಂಬರು 14416 ಈಗ ಇದೆ. ಅದು ಹೊಲದ ಗುಡಿಸಲಿನ ಗೋಡೆಗೆ ಇನ್ನೂ ತಲುಪಬೇಕು.

ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ಕಾನೂನು ಇಷ್ಟು ಸುಲಭಕ್ಕೆ ಬಿಡುವುದಿಲ್ಲ. 1983ರ ತಿದ್ದುಪಡಿಯಿಂದ ಅಂಥ ಹೆಣದ ಪರೀಕ್ಷೆ ಕಡ್ಡಾಯ. ಪಂಚನಾಮೆಗೆ ತಹಶೀಲ್ದಾರರೋ ಉಪವಿಭಾಗಾಧಿಕಾರಿಗಳೋ ತಾವೇ ಬರುತ್ತಾರೆ. ಅವತ್ತು ಮರದ ನೆರಳು ಎರಡು ಪಾಲಾಗುತ್ತದೆ. ತವರಿನವರು ಒಂದು ಬದಿ, ಗಂಡನ ಮನೆಯವರು ಇನ್ನೊಂದು ಬದಿ, ನಡುವೆ ಪೊಲೀಸರು. ದಿನವೂ ಪಹಣಿ, ಪೋಡಿ, ಜಾತಿ ಪ್ರಮಾಣಪತ್ರ ನೋಡುವ ಅಧಿಕಾರಿ ಅವತ್ತು ಮೊಣಕೈಯ ಹಳೆಯ ಗಾಯದ ಬಣ್ಣವನ್ನು ಬಗ್ಗಿ ನೋಡಬೇಕು. ಏಟಿನ ಗುರುತು ಮೊದಲು ಕೆಂಪು, ಮರುದಿನಗಳಲ್ಲಿ ನೀಲಿ, ಆಮೇಲೆ ಕಂದು, ಹಸಿರು, ಕೊನೆಗೆ ಹಳದಿಗೆ ತಿರುಗಿ ಮಾಯುತ್ತದೆ. ಒಂದೇ ತೋಳಿನಲ್ಲಿ ಮೂರು ಬಣ್ಣ ಇದ್ದರೆ ಏಟುಗಳು ಬೇರೆ ಬೇರೆ ದಿನದವು. ತಹಶೀಲ್ದಾರರು ಬಣ್ಣಗಳನ್ನು ಹೇಳುತ್ತಾರೆ, ರೈಟರ್ ಬರೆದುಕೊಳ್ಳುತ್ತಾನೆ. ತಾಯಿಯ ಹೇಳಿಕೆ ಆಮೇಲೆ. ಹೇಳಿಕೆಗಳು ಕೋರ್ಟಿಗೆ ಬರುವಷ್ಟರಲ್ಲಿ ರಾಜಿಯಾಗಿ ತಿರುಗಿಬಿದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಬರೆದಿಟ್ಟ ಬಣ್ಣ ತಿರುಗಿಬಿದ್ದದ್ದಿಲ್ಲ.

ಅನಾಮಧೇಯರ ವಿಷಯ ಚಿಕ್ಕದು. ಜಾತ್ರೆಗೆ ಬಂದ ಭಿಕ್ಷುಕ, ಹಳಿಯ ಪಕ್ಕ ಸಿಕ್ಕವನು, ಕೆರೆಯಲ್ಲಿ ತೇಲಿದವಳು. ಫೋಟೊ ತೆಗೆದು ಸುತ್ತಲಿನ ಠಾಣೆಗಳಿಗೆ ಕಳಿಸಿ, ಸಾಮಾನ್ಯವಾಗಿ ಮೂರು ದಿನ ಕಾಯುತ್ತಾರೆ. ಮುಖ ಗುರುತು ಸಿಗದ ಸ್ಥಿತಿಯಲ್ಲಿ ಇದ್ದರೆ ಉಳಿಯುವುದು ಹಚ್ಚೆ, ಉಡದಾರದ ಗಂಟು, ರವಿಕೆಯ ಹೊಲಿಗೆ, ದರ್ಜಿಯ ಹೆಸರಿನ ಚೀಟಿ. ಲಂಬಾಣಿ ತಾಂಡಾದ ಅಜ್ಜಿಯಾಗಿದ್ದರೆ ಕಸೂತಿಯೇ ಸಾಕು, ಇಂಥ ತಾಂಡಾದ ಕೈ ಎಂದು ಇನ್ನೊಬ್ಬ ಅಜ್ಜಿ ಹೇಳುತ್ತಾಳೆ. ಯಾರೂ ಬರದಿದ್ದರೆ ಪಟ್ಟಣ ಪಂಚಾಯಿತಿಯ ಟ್ರ್ಯಾಕ್ಟರ್ ಬರುತ್ತದೆ. ನೌಕರ ತನ್ನ ಜೇಬಿನಿಂದ ಊದುಬತ್ತಿ ತರುತ್ತಾನೆ.

ಇನ್ನು ಕಾಗದದ ಕತೆ. ಬಾಟಲಿ ಒಯ್ದವನು ರಶೀದಿ ತರುತ್ತಾನೆ. ವರದಿ ಬರುವುದಕ್ಕೆ ತಿಂಗಳುಗಳು ಬೇಕು. ಅದು ಬಂದ ಮೇಲೆ ಡಾಕ್ಟರು ಅಂತಿಮ ಅಭಿಪ್ರಾಯ ಬರೆಯುತ್ತಾರೆ. ಆ ಹೊತ್ತಿಗೆ ಹಳೆಯ ಡಾಕ್ಟರಿಗೆ ಬೇರೆ ಕಡೆ ವರ್ಗವಾಗಿರುವುದೂ ಉಂಟು, ಆಗ ಅವರನ್ನು ಹುಡುಕಿಕೊಂಡು ಹೋಗಬೇಕು. ಠಾಣೆ ಯುಡಿಆರ್ ಮುಗಿಸಿ ವರದಿ ಕಳಿಸುತ್ತದೆ. ಆಮೇಲೆ ಒಂದು ದಿನ, ಸಂತೆಯ ದಿನ ನೋಡಿಕೊಂಡು, ಬಸ್ ಚಾರ್ಜು ಎರಡು ಕೆಲಸಕ್ಕೆ ಆಗಲೆಂದು, ಸತ್ತವನ ಹೆಂಡತಿ ನಕಲು ಕೇಳಲು ಠಾಣೆಗೆ ಬರುತ್ತಾಳೆ. ಜೊತೆಗೆ ಒಂಬತ್ತನೆಯ ಕ್ಲಾಸಿನ ಮಗ.

"ಓದ್ರಿ ಸಾಹೇಬ್ರ, ಏನ್ ಬರದಾರ?"

ರೈಟರ್ ಹಾಳೆ ತಿರುವಿ ಕೊನೆಯ ಎರಡು ಸಾಲು ಓದುತ್ತಾನೆ. ಹಾವಿನ ವಿಷ ಎಂದಿದೆ.

"ನಾ ಅವತ್ತೇ ಹೇಳಿದ್ನಲ್ರಿ."

"ಹೇಳಿದ್ದಿ ಯವ್ವಾ. ಹೇಳಿದ್ದು ಬ್ಯಾರೆ, ನೋಡಿದ್ದು ಬ್ಯಾರೆ. ಈಗ ಎರಡೂ ಕೂಡಿದ್ವು."

"ಎಷ್ಟು ಜೆರಾಕ್ಸ್ ಮಾಡಸ್ಬೇಕ್ರಿ?"

"ನಾಕು. ಒಂದು ರೈತ ಸಂಪರ್ಕ ಕೇಂದ್ರಕ್ಕ, ಪಹಣಿ ಹಚ್ಚಿ ಕೊಡು. ಒಂದು ಬ್ಯಾಂಕಿಗೆ, ವರ್ಷಕ್ಕ ಇಪ್ಪತ್ತು ರೂಪಾಯಿ ಕಟ್ ಆಗ್ತಿತ್ತಲ್ಲ ಅವನ ಖಾತೇಲಿ, ಅದು ಇನ್ಶೂರೆನ್ಸ್, ಹಾವು ಕಡಿದ್ರೂ ಬರ್ತತಿ. ಒಂದು ತಾಲ್ಲೂಕ್ ಆಫೀಸಿಗೆ, ವಿಧವಾ ವೇತನಕ್ಕ ಹಾಕೋವಾಗ ಕೇಳಿದ್ರ ಇರ್ಲಿ; ಪೌತಿ ಖಾತೆ ಅರ್ಜಿನೂ ಅವತ್ತೇ ಕೊಟ್ ಬಾ. ಇನ್ನೊಂದು ನಿನ್ ಹತ್ರ ಇಟ್ಕ. ಒರಿಜಿನಲ್ ಯಾರಿಗೂ ಕೊಡಬ್ಯಾಡ, ಎಷ್ಟು ಕೇಳಿದ್ರೂ."

ಹುಡುಗ ಅಂಗೈ ಮೇಲೆ ಪೆನ್ನಿನಿಂದ ನಾಲ್ಕನ್ನೂ ಬರೆದುಕೊಳ್ಳುತ್ತಾನೆ. ಜೆರಾಕ್ಸ್ ಅಂಗಡಿಯಲ್ಲಿ ಕರೆಂಟಿಲ್ಲ, ಬಸ್‌ ನಿಲ್ದಾಣದ ಹತ್ತಿರ ಇನ್ನೊಂದಿದೆ, ಅಲ್ಲಿ ಯುಪಿಎಸ್ ಐತಿ ಎಂದು ರೈಟರ್ ಕೂಗಿ ಹೇಳುತ್ತಾನೆ.